ಸ್ಲೋ ಡ್ರಾಮಾಗಳು ಮತ್ತು ಹಾಳು ಫ್ಲ್ಯಾಶ್‌ಬ್ಯಾಕು: ವರ್ಷಗಟ್ಲೆ ನೋಡಿದವರ ರಿವ್ಯೂ

ಕೊರಿಯಾ, ಚೀನಾ, ಜಪಾನಿನ ನಿಧಾನಗತಿ ಟಿವಿ ಸೀರಿಯಲ್‌ಗಳನ್ನ (ಡ್ರಾಮಾ ಅಂತಾರೆ) ಮೊದ್ಲು ಬೈದ್ಬಿಡ್ತೀನಿ, ಹೊಗಳೋದು ಆಮೇಲೆ. ಕೊರಿಯನ್ ಡ್ರಾಮಾ ಒಂದರಲ್ಲಿ ಹನ್ನೊಂದನೇ ಎಪಿಸೋಡ್‌ಗೆ ಬಂದಿದೀರಿ ಅಂತಿಟ್ಕೊಳ್ಳಿ. ಹೀರೋ ಕಿಟಕಿ ಹತ್ರ ಹೋಗಿ ನಿಂತ್ಕೋತಾನೆ, ಪಿಯಾನೋ ಟಿಂಗ್ ಟಿಂಗ್ ಅನ್ನತ್ತೆ, ಹಿಂದೇನೇ ಅಳೋ ದನಿಯ ಹಾಡು, ಅಲ್ಲಿಗೆ ಗೊತ್ತಾಯ್ತು, ಬಂತು ಫ್ಲ್ಯಾಶ್‌ಬ್ಯಾಕು. ಯಾವುದು? ಇದೇ ಎಪಿಸೋಡಲ್ಲಿ ಇಪ್ಪತ್ತು ನಿಮಿಷದ ಹಿಂದೆ ನೋಡಿದ್ದೇ! ಅದೇ ಮಳೆ, ಅದೇ ಛತ್ರಿ, ಈ ಸಲ ಸ್ವಲ್ಪ ಮಸುಕು ಮಾಡಿ ಸ್ಲೋ ಮೋಷನ್ ಹಾಕಿರ್ತಾರೆ ಅಷ್ಟೇ. ನಮಗೇನು ಮರೆವಿನ ಕಾಯಿಲೆನಾ? ಹಿಂಡಿ ಬಿಸಾಕಿದ ನಿಂಬೆಹಣ್ಣನ್ನೇ ಎತ್ಕೊಂಡು ಬಂದು ಮತ್ತೆ ಹಿಂಡೋದು ಅಂದ್ರೆ ಇದೇ.

ಕಾರಣ ಇಲ್ಲ ಅಂತಲ್ಲ. ಅಲ್ಲಿ ಬಹಳ ವರ್ಷದಿಂದ ನಡ್ಕೊಂಡು ಬಂದ ಲೆಕ್ಕ 16 ಎಪಿಸೋಡು, ಒಂದೊಂದು ಒಂದು ಗಂಟೆಗಿಂತ ಜಾಸ್ತಿ, ವಾರಕ್ಕೆ ಎರಡು ದಿನ ಟಿವಿಲಿ ಬರತ್ತೆ. ಹೋದ ವಾರ ನೋಡಿದ್ದನ್ನ ಈ ವಾರ ನೆನಪು ಮಾಡ್ಬೇಕಲ್ಲ, ಒಪ್ಪೋಣ. ಆದ್ರೆ ಒಂದೇ ರಾತ್ರಿ ಸಾಲಾಗಿ ಮೂರು ನೋಡೋ ನಮ್ಮಂಥೋರಿಗೆ ಅದು ಶಿಕ್ಷೆ. ಹಾಗೇ ಇನ್ನೊಂದು ವಿಷ್ಯ, ಅಲ್ಲಿನ ದೊಡ್ಡ ಚಾನೆಲ್‌ಗಳಿಗೆ 2021ರ ತನಕ ಕಾರ್ಯಕ್ರಮದ ಮಧ್ಯೆ ಜಾಹೀರಾತು ಹಾಕೋಕೆ ಅನುಮತಿ ಇರ್ಲಿಲ್ಲ, ಅದಕ್ಕೆ 2017ರಿಂದ ಒಂದೇ ಎಪಿಸೋಡನ್ನ ಎರಡು ತುಂಡು ಮಾಡಿ ನಡುವೆ ಆಡ್ ತೂರಿಸ್ತಿದ್ರು. ಆ ಕಾಲದ ಕೆಲವು ಡ್ರಾಮಾಗಳು ಲಿಸ್ಟಲ್ಲಿ 32 ಎಪಿಸೋಡು ಅಂತ ಕಾಣೋದು ಅದಕ್ಕೇ, ಹೆದರ್ಕೋಬೇಡಿ. ಇನ್ನು ಕಥೆ ಒಳಗಡೆನೇ ಪ್ರಾಡಕ್ಟ್ ತೋರಿಸೋದಕ್ಕೆ 2010ರಿಂದ ಪರ್ಮಿಷನ್ ಇದೆ, ಹಾಗಾಗಿ ಈಗಷ್ಟೇ ಬ್ರೇಕಪ್ ಆದೋಳು ಕಣ್ಣೊರೆಸ್ಕೊಂಡು ಸ್ಯಾಂಡ್‌ವಿಚ್ ಅಂಗಡಿಗೆ ಹೋಗ್ತಾಳೆ, ನಾವು ಅದನ್ನ ಕಟ್ಟಿ ಕೊಡೋವರೆಗೂ ಕಾಯ್ಬೇಕು.

ಚೈನೀಸ್ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ 2020ರಲ್ಲಿ ಸರ್ಕಾರವೇ ಎದ್ದು ಬಂದು ಡ್ರಾಮಾ 40 ಎಪಿಸೋಡ್ ದಾಟಬಾರದು, 30ರೊಳಗೆ ಮುಗಿಸಿದ್ರೆ ಇನ್ನೂ ಒಳ್ಳೇದು ಅಂತ ಹೇಳ್ಬೇಕಾಯ್ತು, ಅದಕ್ಕೂ ಮುಂಚೆ 70 ಎಪಿಸೋಡಿನ ಅರಮನೆ ಕಥೆಗಳಿದ್ವಲ್ಲ. ಆಮೇಲೇನಾಯ್ತು, ಕರೆಕ್ಟಾಗಿ 40ಕ್ಕೆ ನಿಲ್ಸೋದು ಕಲಿತ್ರು! 2023ರ ಮೀಟ್ ಯುವರ್‌ಸೆಲ್ಫ್ ನೋಡಿ, ಸರಿಯಾಗಿ 40. ಗೆಳತಿ ತೀರಿಕೊಂಡ ಮೇಲೆ ಹೋಟೆಲ್ ಕೆಲಸ ಬಿಟ್ಟು ಯುನ್ನಾನ್‌ನ ಹಳ್ಳಿಲಿ ಬಂದು ಕೂರೋ ಹೆಣ್ಮಗಳ ಕಥೆ, ಮೊದಲ ಹತ್ತು ಎಪಿಸೋಡು ನಿಜವಾಗ್ಲೂ ಸುಖ. ಆಮೇಲೆ ಊರಲ್ಲಿರೋ ಒಬ್ಬೊಬ್ಬರ ಕಷ್ಟನೂ ಸರದಿ ಪ್ರಕಾರ ಬಗೆಹರೀತಾ ಹೋಗತ್ತೆ, ನಾನು ಬರೀ ಬೆಟ್ಟ ನೋಡ್ತಾ ಕೂತಿದ್ದೆ.

ಇಷ್ಟೆಲ್ಲಾ ಬೈದ್ರೂ ಬಿಟ್ಟಿಲ್ಲ, ಯಾಕಂದ್ರೆ ಕೊರಿಯಾದ್ದು ಮೈ ಮಿಸ್ಟರ್ ಅಂತ ಒಂದಿದೆ. 2018ರದು. ಆಫೀಸಲ್ಲಿ ಟೆಂಪರರಿ ಕೆಲಸಕ್ಕಿರೋ ಹುಡುಗಿ, ದುಡ್ಡಿಗೋಸ್ಕರ, ಅದೇ ಆಫೀಸಿನ ಇಂಜಿನಿಯರ್ ಒಬ್ಬರ ಫೋನ್‌ನ ಕದ್ದು ಕೇಳೋಕೆ ಶುರು ಮಾಡ್ತಾಳೆ. ಕೇಳ್ಸೋದೇನು, ದೊಡ್ಡ ಗುಟ್ಟುಗಳಲ್ಲ, ಆ ಮನುಷ್ಯ ರಾತ್ರಿ ಮನೆಗೆ ನಡೆಯೋ ಹೆಜ್ಜೆ ಸದ್ದು, ಉಸಿರು, ಅಣ್ಣತಮ್ಮಂದಿರ ಜೊತೆ ಕುಡಿಯುವಾಗಿನ ಬಡಬಡಿಕೆ. ಅವಳು ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೇಳ್ತಾಳೆ, ಮನೇಲಿ ಕೇಳ್ತಾಳೆ, ನಾವೂ ಇಯರ್‌ಫೋನ್ ಹಾಕ್ಕೊಂಡು ಅದನ್ನೇ ಕೇಳ್ತಿರ್ತೀವಿ. ಇಲ್ಲಿ ನಿಧಾನಕ್ಕೆ ಒಂದು ಕೆಲಸ ಇದೆ ನೋಡಿ, ಅಷ್ಟು ಹೊತ್ತು ಹೆಜ್ಜೆ ಸದ್ದು ಕೇಳ್ದೆ ಇದ್ರೆ ಅವಳಿಗೆ ಆ ಮನುಷ್ಯನ ಮೇಲೆ ಹುಟ್ಟೋ ಮರುಕ ನಮಗೆ ಹುಟ್ಟೋದೇ ಇಲ್ಲ. 1.5 ಸ್ಪೀಡಲ್ಲಿ ಹಾಕಿದ್ರೆ ಅರಮನೆ ಕಥೆಗಳಿಗೆ ಏನೂ ಆಗಲ್ಲ, ಇದಕ್ಕೆ ಹಾಕಿದ್ರಿ ಅಂದ್ರೆ ಅಲ್ಲಿಗೆ ಮುಗೀತು.

ಅದನ್ನ ಬರೆದ ಪಾರ್ಕ್ ಹೇ ಯಂಗ್ ಅವರೇ 2022ರಲ್ಲಿ ಮೈ ಲಿಬರೇಶನ್ ನೋಟ್ಸ್ ಬರೆದ್ರು. ರಾಜಧಾನಿ ಸೋಲ್‌ಗೆ ದಿನಾ ಹೋಗಿ ಬರೋದ್ರಲ್ಲೇ ಜೀವ ಸವೆಸ್ಕೊಳ್ಳೋ ಅಕ್ಕ, ಅಣ್ಣ, ತಂಗಿ. ಅವರ ಅಮ್ಮ ಅಡುಗೆ ಮಾಡ್ತಾಳೆ, ಹೊಲಕ್ಕೆ ಹೋಗ್ತಾಳೆ, ಬರ್ತಾಳೆ, ಬಡಿಸ್ತಾಳೆ, ಮತ್ತೆ ಎದ್ದು ಏನೋ ತರ್ತಾಳೆ, ಎಪಿಸೋಡ್‌ಗಟ್ಲೆ ಇದೇ. ಇದೇನ್ರೀ ಹಿಂಗೆಳೀತಾರೆ ಅಂತ ಗೊಣಗ್ತೀರಿ, ಕೊನೆಕೊನೆಗೆ ಅದಕ್ಕೆಲ್ಲ ಲೆಕ್ಕ ಚುಕ್ತಾ ಆಗತ್ತೆ, ಹೇಗೆ ಅಂತ ಹೇಳಲ್ಲ. ಫ್ಲ್ಯಾಶ್‌ಬ್ಯಾಕನ್ನೇ ನಂಬ್ಕೊಳ್ದೇ ನಮಗೇ ಎಲ್ಲ ನೆನಪಾಗೋ ಹಾಗೆ ಮಾಡೋದು ಇದೆಯಲ್ಲ, ಅದು ಬರವಣಿಗೆ.

ಕೊರಿಯಾದ್ದೇ ಇನ್ನೊಂದು ಡ್ರಾಮಾ ರಿಪ್ಲೈ 1988 ಬಗ್ಗೆ ನಂದು ಎರಡೂ ಕಡೆ ಮಾತು. ಮೊದಲ ಎಪಿಸೋಡಲ್ಲೇ ಊಟದ ಹೊತ್ತಿಗೆ ಮಕ್ಕಳು ಮನೆಯಿಂದ ಮನೆಗೆ ಪಾತ್ರೆ ಹಿಡ್ಕೊಂಡು ಓಡೋದು, ಕೊಟ್ಟ ಪಾತ್ರೆ ಖಾಲಿ ಬರದೇ ಇರೋದು, ಅದನ್ನ ಎಷ್ಟು ಸಲ ಬೇಕಾದ್ರೂ ನೋಡ್ತೀನಿ. ಅದೇ ಡ್ರಾಮಾ ನಾಯಕಿಯ ಗಂಡ ಯಾರು ಅನ್ನೋ ಒಗಟನ್ನ 20 ಎಪಿಸೋಡು ಜಗ್ಗಿದ್ದಕ್ಕೆ ಒಂದು ಸ್ಟಾರ್ ಕಟ್.

ದಿನದ ಕೊನೆಗೆ ನನಗೆ ಬೇಕಾಗಿರೋದು ಮಾತ್ರ ಜಪಾನಿನ ಮಿಡ್‌ನೈಟ್ ಡೈನರ್, 2009ರಲ್ಲಿ ಶುರುವಾಗಿದ್ದು, ಇಪ್ಪತ್ತೈದು ನಿಮಿಷದ ಆಸುಪಾಸು. ಲೈಟ್ ಆರಿಸಿ, ದಿಂಬಿಗೆ ಫೋನ್ ಒರಗಿಸಿ ಇಡ್ತೀನಿ. ಇಂಟ್ರೋ ಸ್ಕಿಪ್ ಮಾಡೋ ಬಟನ್ ಬರತ್ತೆ, ಮುಟ್ಟಲ್ಲ. ಟೋಕಿಯೋದ ಶಿಂಜುಕು ಏರಿಯಾದ ರಾತ್ರಿ ರಸ್ತೆ, ದೀಪಗಳು, ಆ ಹಾಡು, ಆಮೇಲೆ ಪುಟ್ಟ ಹೋಟೆಲ್ ನಡೆಸೋ ಮಾಸ್ಟರ್ ತರಕಾರಿ ಹೆಚ್ಚಿ ಸೂಪ್ ಮಾಡೋದು, ಹೋಟೆಲ್ ರಾತ್ರಿ 12ರಿಂದ ಬೆಳಿಗ್ಗೆ 7ರ ತನಕ ಅಂತ ಅದೇ ಮಾತು. ಇದೂ ದಿನಾ ರಿಪೀಟೇ ಅಲ್ವಾ ಅಂದ್ರೆ ಹೌದಪ್ಪಾ, ಆದ್ರೆ ಇದು ಬಾಗಿಲು ತೆಗೆಯೋ ಸದ್ದು, ಅದಿಲ್ದೆ ಒಳಗೆ ಹೋಗೋಕಾಗಲ್ಲ. ಸಬ್‌ಟೈಟಲ್ ಓದ್ಬೇಕಾಗಿರೋದ್ರಿಂದ ನಡುವೆ ಮೆಸೇಜ್ ನೋಡೋಕೂ ಆಗಲ್ಲ, ಇದು ಕೇಳದೇ ಸಿಕ್ಕ ಲಾಭ.

ಆದ್ರೆ ಒಂದು, ನಾನು ನೋಡೋ ಆಪ್‌ನೋರು (ಹೆಸರು ಬೇಡ) ಕೊನೆ ಶಾಟ್ ಮುಗಿಯೋಕೂ ಬಿಡಲ್ಲ, ಅದನ್ನ ಮೂಲೆಗೆ ಚಿಕ್ಕದಾಗಿ ತಳ್ಳಿ ಮುಂದಿನದು ಶುರು ಮಾಡ್ಬಿಡ್ತಾರೆ. ನಿಧಾನದ ಡ್ರಾಮಾಲಿ ಕೊನೆ ಅರ್ಧ ನಿಮಿಷಕ್ಕೇ ಜೀವ ಇರೋದು ಕಣ್ರೀ! ಸೆಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಆಫ್ ಮಾಡ್ಕೊಳ್ಳಿ, ಮೊದಲ ಕೆಲಸ ಅದು.

ಹೊಸಬರು ಮೈ ಮಿಸ್ಟರ್‌ನಿಂದ ಶುರು ಮಾಡ್ಬೇಡಿ, ಮೊದಲೆರಡು ಎಪಿಸೋಡಲ್ಲಿ ಬರೀ ಕತ್ತಲು, ಸಾಲಗಾರರ ಹೊಡೆತ, ಓಡೋಗ್ಬಿಡ್ತೀರಿ. ಡೈನರ್‌ನಿಂದ ಶುರು ಮಾಡಿ, ಹಿಡಿಸಿದ್ರೆ ಲಿಬರೇಶನ್ ನೋಟ್ಸ್‌ಗೆ ಬನ್ನಿ. ಅದರಲ್ಲಿ ಗಾಳಿಗೆ ಒಂದು ಟೋಪಿ ಹಾರಿ ಕಾಲುವೆ ಆಚೆ ಬೀಳತ್ತೆ, ಅಲ್ಲೀವರೆಗೆ ಕಾಯ್ರಿ. ಆಮೇಲೂ ಬೋರು ಅನ್ಸಿದ್ರೆ ಈ ಜಾತಿ ಡ್ರಾಮಾ ನಿಮಗೆ ಆಗಿಬರಲ್ಲ, ಆರಾಮಾಗಿ ಥ್ರಿಲ್ಲರ್ ನೋಡ್ಕೊಳ್ಳಿ.