ಮೆಸ್ಸಾ ಬ್ಯಾಂಡಿನ ‘ಕ್ಲೋಸ್’: ಡೂಮ್ ಮೆಟಲ್‌ನಲ್ಲಿ ಊದ್‌ಗೇನು ಕೆಲಸ?

ಮೆಟಲ್ ಬ್ಯಾಂಡ್‌ಗಳು ಜಾನಪದ ಅಂದ ಕೂಡಲೇ ನನಗೆ ಸ್ವಲ್ಪ ಅನುಮಾನ. ಹಾಡಿನ ಶುರುವಿನಲ್ಲಿ ಯಾವುದೋ ವಾದ್ಯ ನಾಲ್ಕು ಸಲ ಮೀಟಿ, ಆಮೇಲೆ ಅದನ್ನು ಮರೆತೇ ಬಿಡುವವರು ಜಾಸ್ತಿ. ಇಟಲಿಯ ವೆನೆಟೊ ಕಡೆಯ ಮೆಸ್ಸಾ ಹಾಗೆ ಮಾಡಿಲ್ಲ. ‘ಕ್ಲೋಸ್’ ಇವರ ಮೂರನೇ ಆಲ್ಬಮ್, 2022ರ ಮಾರ್ಚ್‌ನಲ್ಲಿ ಫಿನ್ಲೆಂಡಿನ ಸ್ವಾರ್ಟ್ ರೆಕಾರ್ಡ್ಸ್ ಹೊರತಂದದ್ದು.

ಡೂಮ್ ಅಂದರೆ ಮೆಟಲ್‌ನಲ್ಲೇ ಒಂದು ಬಗೆ, ಬ್ರಿಟನ್ನಿನ ಬ್ಲ್ಯಾಕ್ ಸಬಾತ್ ಬ್ಯಾಂಡ್ ಹಾಕಿಕೊಟ್ಟ ದಾರಿ. ನಿಧಾನ, ಭಾರ, ಒಂದೇ ರಿಫ್ (ಗಿಟಾರ್‌ನ ಪುಟ್ಟ ಸ್ವರಗುಚ್ಛ) ಮತ್ತೆ ಮತ್ತೆ. ಇನ್ನು ಇವರು ಈ ಆಲ್ಬಮ್‌ನಲ್ಲಿ ಬಳಸಿರುವ ಊದ್ ಅರಬ್ಬರ ತಂತಿವಾದ್ಯ. ಅದಕ್ಕೆ ಫ್ರೆಟ್ (ಸ್ವರದ ಮನೆ ಗುರುತಿಸುವ ಅಡ್ಡಪಟ್ಟಿ) ಇಲ್ಲ, ಹಾಗಾಗಿ ಗಿಟಾರ್‌ನ ಎರಡು ಮನೆಗಳ ನಡುವೆ ತಪ್ಪಿಹೋಗುವ ಸ್ವರಗಳೂ ಅದರಲ್ಲಿ ಸಿಗುತ್ತವೆ, ಅರಬ್ಬರ ಮಕಾಮ್‌ಗಳ, ಅಂದರೆ ನಮ್ಮ ರಾಗಗಳಂಥವುಗಳ, ರುಚಿ ಇರೋದೇ ಅಲ್ಲಿ. ಅದು ಕಿವಿಗೆ ಇಳಿಯಬೇಕಾದರೆ ಆತುರ ಮಾಡುವಂತಿಲ್ಲ. ಡೂಮ್‌ಗೆ ಆತುರ ಅನ್ನೋದೇ ಗೊತ್ತಿಲ್ಲವಲ್ಲ! ಇವೆರಡೂ ಇಷ್ಟು ಚೆನ್ನಾಗಿ ಹೊಂದಿಕೊಂಡಿರೋದು ಅದಕ್ಕೇ ಅಂತ ನನ್ನ ಲೆಕ್ಕ. ‘ಹಾಲೋ’ ಅನ್ನುವ ಪುಟ್ಟ ಊದ್ ತುಣುಕು ಮುಗಿದು ‘ಪಿಲ್‌ಗ್ರಿಮ್’ ಶುರುವಾಗುವ ಜಾಗ ಕೇಳಿ. ಅದೇ ಗುಂಗು ಮುಂದುವರಿಯುತ್ತದೆ, ಆಮೇಲೆ ಗಿಟಾರ್‌ಗಳು ಬಂದು ಬೀಳುತ್ತವೆ ನೋಡಿ, ಎದೆಗೇ ತಾಗುತ್ತದೆ.

ಜಾಝ್ ಬರೋದು ಬೇರೆ ಬಾಗಿಲಿಂದ. ಮೊದಲ ಹಾಡು ‘ಸಸ್ಪೆಂಡೆಡ್’ನಲ್ಲಿ ಎಲೆಕ್ಟ್ರಿಕ್ ಪಿಯಾನೋ ಮೆತ್ತಗೆ ಶುರುವಾಗುತ್ತದೆ, ಸಾರಾ ಬಿಯಾಂಕಿನ್ ಅವರ ದನಿ ಅದರ ಮೇಲೆ ತೇಲುತ್ತದೆ. ಅರಚಾಟ ಇಲ್ಲ, ಬ್ಲೂಸ್ ಹಾಡುವವರ ತುಂಬು ಕಂಠ. ಗಿಟಾರಿಸ್ಟ್ ಆಲ್ಬರ್ಟೊ ಪಿಕ್ಕೊಲೊ ಸೋಲೋ ನುಡಿಸುವಾಗ ಬೆರಳಿನ ವೇಗ ತೋರಿಸಲು ಹೋಗಲ್ಲ, ಮಾತಾಡಿದ ಹಾಗೆ ನುಡಿಸುತ್ತಾರೆ. ‘ರುಬೆಡೊ’ದಲ್ಲಿ ಮಾತ್ರ ಡ್ರಮ್ಸ್ ಇದ್ದಕ್ಕಿದ್ದಂತೆ ಬ್ಲ್ಯಾಕ್ ಮೆಟಲ್ ಅನ್ನುವ ಬಿರುಸಿನ ಮೆಟಲ್‌ನ ವೇಗಕ್ಕೆ ಏರುತ್ತದೆ. ಹೆಡ್‌ಫೋನ್ ಹಾಕಿದ್ದರೆ ಸ್ವಲ್ಪ ಹುಷಾರು.

ಕವರ್ ಫೋಟೋ ಬಗ್ಗೆ ಹೇಳಲೇಬೇಕು. ಉತ್ತರ ಆಫ್ರಿಕಾದ ‘ನಖ್’ ಅನ್ನುವ ಕುಣಿತ, ಹೆಂಗಸರು ಉದ್ದ ಕೂದಲು ಬಿಚ್ಚಿ ತಲೆ ಬೀಸುತ್ತಾರೆ. ಹೆಡ್‌ಬ್ಯಾಂಗಿಂಗ್ ತಮ್ಮ ಸೊತ್ತು ಅಂದುಕೊಂಡಿರುವ ಹುಡುಗರು ಒಮ್ಮೆ ನೋಡಲಿ.

ಇಟಲಿಯವರಿಗೆ ಇದೆಲ್ಲ ಎಷ್ಟು ‘ಸ್ವಂತ’ ಅಂತ ಕೇಳಬಹುದು. ಊದ್ ಸರಿ, ಮೆಡಿಟರೇನಿಯನ್ ಸಮುದ್ರದ ಆಚೆ ದಡದ್ದು, ವೆನಿಸ್‌ನವರು ಆ ಕಡೆಯವರ ಜೊತೆ ಶತಮಾನಗಟ್ಟಲೆ ವ್ಯಾಪಾರ ಮಾಡಿದವರು. ಆದರೆ ಆಲ್ಬಮ್‌ನಲ್ಲಿ ಡುಡುಕ್ ಅನ್ನುವ ಶಹನಾಯಿ ಜಾತಿಯ ವಾದ್ಯವೂ ಇದೆ. ಅದು ಅರ್ಮೇನಿಯಾದ್ದು, ಅದನ್ನೂ ಮೆಡಿಟರೇನಿಯನ್ ಲೆಕ್ಕಕ್ಕೆ ಸೇರಿಸೋದು ಸ್ವಲ್ಪ ಎಳೆದಂತೆ. ಕೇಳುವಾಗ ನನಗೆ ಅದು ಅಡ್ಡ ಬರಲಿಲ್ಲ, ಆದರೂ ಪ್ರಶ್ನೆ ಪ್ರಶ್ನೆಯೇ ಅಲ್ವಾ.

ನನ್ನ ನಿಜವಾದ ತಕರಾರು ಉದ್ದದ್ದು. ಒಂದು ಗಂಟೆಗೂ ಜಾಸ್ತಿ ಇದೆ. ‘ಪಿಲ್‌ಗ್ರಿಮ್’ ಆದಮೇಲೆ ಮತ್ತೆರಡು ದೊಡ್ಡ ಹಾಡುಗಳು ಒಂದರ ಹಿಂದೆ ಒಂದು ಬಂದಾಗ ಗಮನ ಜಾರುತ್ತದೆ. ಅಷ್ಟರಲ್ಲಿ ‘ಲೆಫೊಟ್ರಾಕ್’ ಬಂದು ಒಂದು ನಿಮಿಷದೊಳಗೆ ಕೂಗಾಡಿ ಹೋಗುತ್ತದೆ. ಕೆಲವರಿಗೆ ಇದು ಇಷ್ಟವಂತೆ, ನನಗೆ ಸುಮ್ನೆ ತುಂಬಿಸಿದ ಹಾಗಿತ್ತು.

ಡೂಮ್ ಹೊಸದಾಗಿದ್ದರೆ ಶುರುವಿನಿಂದ ಹೋಗಬೇಡಿ, ‘ಹಾಲೋ’ ಮತ್ತು ‘ಪಿಲ್‌ಗ್ರಿಮ್’ ಎರಡನ್ನೂ ಸೇರಿಸಿ ಕೇಳಿ. ಇಷ್ಟವಾದರೆ ಇವರ 2018ರ ‘ಫೀಸ್ಟ್ ಫಾರ್ ವಾಟರ್’ ಕೂಡ ಇದೆ, ಅದರಲ್ಲೂ ಜಾಝ್ ಸಿಗುತ್ತದೆ. 2025ರ ‘ದಿ ಸ್ಪಿನ್’ ಮಾತ್ರ ಎಂಬತ್ತರ ದಶಕದ ಗಾತಿಕ್ ರಾಕ್ ಕಡೆ ಹೊರಳಿದೆ, ಊದ್ ಗೀದ್ ಹುಡುಕಿಕೊಂಡು ಅಲ್ಲಿಗೆ ಹೋಗಬೇಡಿ.