ಟೆಕ್ಸಾಸ್ ಬಿಸಿಲಲ್ಲಿ ಸೈಟ್ ಕೆಲಸಕ್ಕೆ ಸೇರುವ ಮುಂಚೆ ಇದನ್ನು ಓದಿ

ಎಂಎಸ್ ಮುಗಿಸಿ ಡಲ್ಲಾಸ್ ಕಡೆ ಕಾಂಕ್ರೀಟ್ ಟೆಸ್ಟಿಂಗ್ ಕೆಲಸಕ್ಕೆ ಸೇರುತ್ತಿರುವವರು ದಯವಿಟ್ಟು ಪೂರ್ತಿ ಓದಿ. 2024ರ ಆಗಸ್ಟ್‌ನಲ್ಲಿ, ಕೆಲಸಕ್ಕೆ ಸೇರಿದ ಮೂರನೇ ದಿನವೇ ನಾನು ಸೈಟಿನಿಂದ ಆಂಬುಲೆನ್ಸಲ್ಲಿ ಆಸ್ಪತ್ರೆಗೆ ಹೋದೆ.

ನಮ್ಮೂರು ಕಲಬುರಗಿ. ಬಿಸಿಲು ನನಗೇನು ಹೊಸದಾ ಅನ್ನೋ ಧೈರ್ಯ ಇತ್ತು. ನಮ್ಮ ಕಡೆ ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. ಹೊತ್ತೇರಿದ ಮೇಲೆ ಯಾರೂ ಸುಮ್ನೆ ಹೊರಗೆ ನಿಲ್ಲಲ್ಲ. ಬಿಸಿಲಿನಿಂದ ತಪ್ಪಿಸಿಕೊಳ್ಳೋದನ್ನು ಊರು ಕಲಿಸಿತ್ತು, ಅಷ್ಟೇ. ಅದರ ಮೇಲೆ ಎರಡು ವರ್ಷ ಎಸಿ ಲ್ಯಾಬಲ್ಲೇ ಕಳೆದಿದ್ದೆ.

ಇನ್ನೊಂದು ಧೈರ್ಯವೂ ಇತ್ತು. ಡಲ್ಲಾಸ್‌ನಲ್ಲಿ ಕಟ್ಟಡ ಕೆಲಸದವರಿಗೆ ನಾಲ್ಕು ಗಂಟೆಗೊಮ್ಮೆ 10 ನಿಮಿಷ ವಿಶ್ರಾಂತಿ ಕಡ್ಡಾಯ ಅಂತ ಸೀನಿಯರ್ ಒಬ್ಬರು ಹೇಳಿದ್ದರು. ಅವರು ಹೇಳಿದ್ದು ಸುಳ್ಳಲ್ಲ, ಹಳೆಯದು. ಆಸ್ಟಿನ್ ನಗರ 2010ರಲ್ಲಿ, ಡಲ್ಲಾಸ್ 2015ರಲ್ಲಿ ಆ ನಿಯಮ ಮಾಡಿದ್ದವು. 2023ರಲ್ಲಿ ಟೆಕ್ಸಾಸ್ ರಾಜ್ಯ ಎಚ್‌ಬಿ 2127 ಅನ್ನೋ ಕಾನೂನು ತಂತು. ಕಾರ್ಮಿಕರ ವಿಷಯ ಸೇರಿ ಹಲವು ವಿಷಯಗಳಲ್ಲಿ ನಗರಗಳು ರಾಜ್ಯದ ಕಾನೂನನ್ನು ಮೀರಿ ಸ್ವಂತ ನಿಯಮ ಮಾಡುವಂತಿಲ್ಲ ಅಂತ ಅದರ ಅರ್ಥ. ಹೂಸ್ಟನ್ ನಗರ ಕೋರ್ಟಿಗೆ ಹೋಯಿತು. ಇದು ಸಂವಿಧಾನಕ್ಕೆ ವಿರುದ್ಧ ಅಂತ ಆಸ್ಟಿನ್‌ನ ನ್ಯಾಯಾಧೀಶರು ಹೇಳಿದರು. ಸರ್ಕಾರ ಮೇಲ್ಮನವಿ ಹಾಕಿತು, ಸೆಪ್ಟೆಂಬರ್ 1ಕ್ಕೆ ಕಾನೂನು ಜಾರಿಗೆ ಬಂದೇಬಿಟ್ಟಿತು. 2025ರ ಜುಲೈನಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನೂ ತಳ್ಳಿಹಾಕಿತು. ನಗರದ ನಿಯಮದ ಜಾಗಕ್ಕೆ ರಾಜ್ಯ ತನ್ನದೇ ವಿಶ್ರಾಂತಿಯ ನಿಯಮ ಏನಾದರೂ ತಂತಾ? ಇಲ್ಲ. ನನಗೆ ಇನ್ನೂ ಸಿಟ್ಟು ಬರೋದು ಅಲ್ಲೇ.

ಆ ದಿನದ್ದು ಹೇಳ್ತೀನಿ. ಸ್ಲ್ಯಾಬ್ ಹಾಕುತ್ತಿದ್ದರು. ಸುತ್ತ ಕಬ್ಬಿಣದ ಸರಳು, ಕೆಳಗಿನಿಂದಲೂ ಝಳ. ಟ್ರಕ್ಕಿನ ಮೇಲೆ ಟ್ರಕ್ಕು ಬರುತ್ತಿತ್ತು. ಸ್ವಲ್ಪ ಕೂತು ಬರ್ತೀನಿ ಅಂದೆ. ಟ್ರಕ್ ಕಾಯ್ತಾ ಇದೆ, ಮುಗಿಸಿ ಹೋಗು ಅಂದರು ಸೂಪರ್‌ವೈಸರ್. ನಮ್ಮ ಸ್ಪೆಸಿಫಿಕೇಶನ್ ಪ್ರಕಾರ ಕಾಂಕ್ರೀಟಿನ ಬಿಸಿ 95 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಟ್ರಕ್ಕನ್ನೇ ವಾಪಸ್ ಕಳಿಸಬಹುದು. ಥರ್ಮಾಮೀಟರ್ ಹಿಡಿದು ಅದನ್ನು ನೋಡುವುದೇ ನನ್ನ ಕೆಲಸ. ಆ ಥರ್ಮಾಮೀಟರ್ ಹಿಡಿದವನ ಮೈ ಬಿಸಿ ಎಷ್ಟಿದೆ ಅಂತ ನೋಡುವವರು ಯಾರೂ ಇರಲಿಲ್ಲ.

ಹಸಿ ಕಾಂಕ್ರೀಟು ಎಷ್ಟು ಗಟ್ಟಿ, ಎಷ್ಟು ತೆಳು ಅಂತ ನೋಡುವ ಸ್ಲಂಪ್ ಟೆಸ್ಟಿನಲ್ಲಿ ಒಂದೊಂದು ಪದರಕ್ಕೂ ಸರಳಿನಿಂದ 25 ಸಲ ಕುಟ್ಟಬೇಕು. ಹನ್ನೊಂದರ ತನಕ ಎಣಿಸಿದ್ದು ನೆನಪಿದೆ. ಆಮೇಲೆ ಲೆಕ್ಕ ತಪ್ಪಿತು. ಮತ್ತೆ ಶುರು ಮಾಡಿದೆ, ಮತ್ತೆ ತಪ್ಪಿತು. ಎಣಿಸೋಕೇ ಬರ್ತಿಲ್ಲವಲ್ಲ ಅಂತ ಅಳು ಬಂತು. ಸರಳು ಕಟ್ಟುತ್ತಿದ್ದ ಮೆಕ್ಸಿಕೋದ ಹಿರಿಯರೊಬ್ಬರು ನನ್ನ ಮುಖ ನೋಡಿದ್ದೇ ತಡ, ರಟ್ಟೆ ಹಿಡಿದು ಟ್ರಕ್ಕಿನ ನೆರಳಿಗೆ ಎಳೆದುಕೊಂಡು ಹೋದರು. ಕೂಲರಿನ ಐಸ್ ನೀರನ್ನು ತಲೆ, ಕತ್ತಿನ ಮೇಲೆ ಸುರಿದರು. ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿಸಿದ್ದೂ ಅವರೇ. ಆಸ್ಪತ್ರೆಯಲ್ಲಿ ಮೈ ಬಿಸಿ 104 ಇತ್ತು. ಮೊದಲು ಮೈ ತಣ್ಣಗೆ ಮಾಡಿದ್ದೇ ನಿನ್ನನ್ನು ಉಳಿಸಿತು ಅಂದರು ಡಾಕ್ಟರು.

ಬಿಲ್ ಬಂದಾಗ ಇನ್ನೊಂದು ಪೆಟ್ಟು. ಕೆಲಸದಲ್ಲಿ ಗಾಯವಾದರೆ ಖರ್ಚು ಕೊಡುವ ವರ್ಕರ್ಸ್ ಕಾಂಪೆನ್ಸೇಶನ್ ವಿಮೆಯನ್ನು ಟೆಕ್ಸಾಸ್‌ನಲ್ಲಿ ಖಾಸಗಿ ಕಂಪನಿಗಳು ಮಾಡಿಸಲೇಬೇಕು ಅಂತಿಲ್ಲ. ನನ್ನ ಕಂಪನಿ ಮಾಡಿಸಿರಲಿಲ್ಲ. ಅದನ್ನು ತಿಳಿಸುವ ಕಾಗದ ಮೊದಲ ದಿನ ಕೊಟ್ಟ ಕಟ್ಟಿನಲ್ಲೇ ಇತ್ತು. ಓದದೇ ಸಹಿ ಹಾಕಿದ್ದೆ. ನೀವು ಓದಿ. ‘ನಾನ್‌ಸಬ್‌ಸ್ಕ್ರೈಬರ್’ (ಅಂದರೆ ಆ ವಿಮೆ ಮಾಡಿಸದ ಕಂಪನಿ) ಅನ್ನೋ ಪದ ಕಂಡರೆ, ಏಟಾದರೆ ಯಾರು ಕೊಡ್ತಾರೆ ಅಂತ ಬರವಣಿಗೆಯಲ್ಲೇ ಕೇಳಿ.

ಫ್ಲಾರಿಡಾಕ್ಕೆ ಹೋಗುವವರೂ ಇದೇ ಥರ ಹುಷಾರಾಗಿರಿ. ಮಯಾಮಿ-ಡೇಡ್ ಕೌಂಟಿ ಹೊರಗೆ ದುಡಿಯುವವರಿಗೆ ನೀರು, ನೆರಳು, ವಿಶ್ರಾಂತಿ ಕೊಡಿಸುವ ನಿಯಮ ತರಲು ಹೊರಟಿತ್ತು. 2024ರಲ್ಲಿ ರಾಜ್ಯವೇ ಅಂಥ ಸ್ಥಳೀಯ ನಿಯಮ ಮಾಡುವಂತಿಲ್ಲ ಅಂತ ಕಾನೂನು ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಅಲ್ಲಿ 80 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ನೆರಳು ಕೊಡಲೇಬೇಕು.

ಇಂಟರ್ವ್ಯೂನಲ್ಲೇ ಕೇಳಿ: ವಿಶ್ರಾಂತಿ ಎಷ್ಟು ಹೊತ್ತಿಗೊಮ್ಮೆ, ನೆರಳು ಎಲ್ಲಿ, ಹೊಸಬರಿಗೆ ಮೊದಲ ವಾರ ಕೆಲಸ ಕಡಿಮೆ ಇರುತ್ತಾ ಅಂತ. ಬಿಸಿಲಿಗೆ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮೊದಲ ಕೆಲವು ದಿನಗಳಲ್ಲೇ ಸಾಯುತ್ತಾರೆ ಅಂತ ಅಮೆರಿಕದ ಕೇಂದ್ರ ಸರ್ಕಾರದ ಕಾರ್ಮಿಕ ಸುರಕ್ಷತಾ ಇಲಾಖೆ ಓಶಾ ಹೇಳುತ್ತದೆ. ಮೊದಲ ದಿನ ಬಿಸಿಲಲ್ಲಿ ಶೇ. 20ರಷ್ಟು ಹೊತ್ತು ಮಾತ್ರ ಕೆಲಸ, ಆಮೇಲೆ ದಿನಕ್ಕೆ ಶೇ. 20ರಷ್ಟು ಜಾಸ್ತಿ ಮಾಡಿ ಅನ್ನುತ್ತದೆ. ಅಪಾಯ ಇದ್ದರೆ ಓಶಾಗೆ ದೂರು ಕೊಡಬಹುದು. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆದರೆ 30 ದಿನದೊಳಗೆ ಅದನ್ನೂ ಹೇಳಬೇಕು. ತಡ ಮಾಡಬೇಡಿ.

ಪಕ್ಕದವರು ಮಾತು ತೊದಲಿದರೆ, ಲೆಕ್ಕ ತಪ್ಪಿದರೆ, ಸುಮ್ನೆ ಸಿಟ್ಟು ಮಾಡಿದರೆ ಕಾಯಬೇಡಿ. ನೆರಳಿಗೆ ಎಳೆಯಿರಿ, ನೀರು ಸುರಿಯಿರಿ, 911ಕ್ಕೆ ಫೋನ್ ಮಾಡಿ. ಆಫರ್ ಕಾಗದ ಅರ್ಥವಾಗದಿದ್ದರೆ ನನಗೆ ಮೆಸೇಜ್ ಮಾಡಿ. ಕೂತು ಒಟ್ಟಿಗೆ ಓದೋಣ.