ಕೈಯಲ್ಲಿ ಟ್ಯಾಬ್, ಹಾಡು ಕಂಪ್ಯೂಟರ್‌ನಲ್ಲಿ: ಯಾವ ರಿಮೋಟ್ ಒಳ್ಳೇದು?

ಐಪ್ಯಾಡ್ ಇದ್ದು, ಹಾಡುಗಳೆಲ್ಲ ಕಂಪ್ಯೂಟರ್‌ನ ಐಟ್ಯೂನ್ಸ್‌ನಲ್ಲಿದ್ದರೆ ಜಾಸ್ತಿ ಯೋಚನೆ ಬೇಡ. ಆಪಲ್‌ನ ರಿಮೋಟ್ ಆ್ಯಪ್ (ಈಗಿನ ಹೆಸರು ಐಟ್ಯೂನ್ಸ್ ರಿಮೋಟ್) 2008ರಿಂದಲೂ ಇದೆ. ಎರಡೂ ಕಡೆ ಒಂದೇ ಆಪಲ್ ಐಡಿ ಹಾಕಿ ಹೋಮ್ ಶೇರಿಂಗ್ ಆನ್ ಮಾಡಿದರೆ ಆಲ್ಬಮ್, ಪ್ಲೇಲಿಸ್ಟ್ ಎಲ್ಲ ಕೈಗೆ ಬರುತ್ತವೆ. ಆಂಡ್ರಾಯ್ಡ್‌ನವರಿಗೆ ಇದು ದಕ್ಕುವುದಿಲ್ಲ.

ಹಾಡು, ವಿಡಿಯೊ ಪ್ಲೇಯರ್ ಆದ ವಿಎಲ್‌ಸಿಗೆ ಟ್ಯಾಬ್‌ನಲ್ಲಿ ಆ್ಯಪ್ ಕೂಡ ಬೇಕಿಲ್ಲ. ಕಂಪ್ಯೂಟರ್‌ನಲ್ಲಿ ಅದರ ಸೆಟ್ಟಿಂಗ್ಸ್‌ನಲ್ಲಿ 'ವೆಬ್' ಟಿಕ್ ಮಾಡಿ, 'ಲುವಾ' (Lua) ಎಂಬ ವಿಭಾಗದಲ್ಲಿ ಪಾಸ್‌ವರ್ಡ್ ಕೊಡಿ. ಟ್ಯಾಬ್‌ನ ಬ್ರೌಸರ್‌ನಲ್ಲಿ ಕಂಪ್ಯೂಟರ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ಸಂಖ್ಯೆ), ಕೊನೆಗೆ :8080 ಹಾಕಿ. ಯೂಸರ್‌ನೇಮ್ ಕೇಳಿದರೆ ಖಾಲಿ ಬಿಡಿ; ಅಲ್ಲೇ ಸುಮಾರು ಜನ ಎಡವೋದು. ಆದರೆ ಸಾವಿರಾರು ಹಾಡುಗಳಲ್ಲಿ ಒಂದನ್ನು ಹುಡುಕೋದು ತಲೆನೋವು.

ನನ್ನ ಓಟು ಎಂಪಿಡಿಗೆ (ಮ್ಯೂಸಿಕ್ ಪ್ಲೇಯರ್ ಡೀಮನ್): ಕಂಪ್ಯೂಟರ್‌ನಲ್ಲಿ ಹಾಡು ನುಡಿಸುವ, ಟ್ಯಾಬ್‌ನ ಆ್ಯಪ್‌ನಿಂದ ನಡೆಸಬಹುದಾದ ಪ್ರೋಗ್ರಾಂ. ಹಳೇ ಲಿನಕ್ಸ್ ಕಂಪ್ಯೂಟರ್‌ನಲ್ಲೂ ಸುಮ್ನೆ ಹಿಂದೆ ಓಡುತ್ತಿರುತ್ತದೆ, ಮಾನಿಟರ್ ಕೂಡ ಬೇಡ. ಟ್ಯಾಗ್ (ಹಾಡಿನ ಫೈಲ್‌ನೊಳಗಿನ ಗಾಯಕರು, ಆಲ್ಬಮ್ ವಿವರ) ಓದಿ ಪಟ್ಟಿ ಮಾಡಿಟ್ಟುಕೊಳ್ಳುವುದರಿಂದ ಗಾಯಕರ ಹೆಸರಲ್ಲಿ ಹುಡುಕಿದರೆ ತಕ್ಷಣ ಸಿಗುತ್ತದೆ. ಟ್ಯಾಬ್‌ನ ಚಾರ್ಜ್ ಮುಗಿದರೂ ಹಾಡು ನಿಲ್ಲಲ್ಲ. ಮೊದಲ ಸಲ ಕಾನ್ಫಿಗ್ ಫೈಲ್ (ಸೆಟ್ಟಿಂಗ್ಸ್ ಬರೆದಿಡುವ ಫೈಲ್) ತಿದ್ದುವ ತಾಳ್ಮೆ ಮಾತ್ರ ಬೇಕು.

ಯಾವುದೇ ಆದರೂ ಟ್ಯಾಬ್, ಕಂಪ್ಯೂಟರ್ ಎರಡೂ ಒಂದೇ ವೈಫೈನಲ್ಲಿರಲಿ, ಕಂಪ್ಯೂಟರ್ ಸ್ಲೀಪ್‌ಗೆ ಹೋಗದಂತೆ ಮಾಡಿಡಿ.